ಸಿಡಿಲಿನಂಥ ತಲೆನೋವು: ಎಂಆರ್‌ಐಗೂ ಮೊದಲು ಸಿಟಿ

ತಲೆ ಸಿಡಿದೇ ಹೋಯಿತೆನ್ನುವಂಥ ನೋವು ಒಮ್ಮೆಲೇ ಬಂದರೆ, ನಮ್ಮವರು ಮೊದಲು ಹುಡುಕುವುದು ರಿಯಾಯಿತಿ ದರದ ಎಂಆರ್‌ಐ ಸೆಂಟರನ್ನು. ಹೈದರಾಬಾದಿನ ನಾಚಾರಂ ಕಾರ್ಖಾನೆಗಳಲ್ಲಿ ದುಡಿಯುವ ಬೀದರ್, ಕಲಬುರಗಿ ಕಡೆಯವರಲ್ಲೂ ಇದನ್ನು ಕಂಡಿದ್ದೇನೆ. ಅಪಾಯಿಂಟ್‌ಮೆಂಟ್ ನಾಳೆ ಸಿಕ್ಕಿದೆ ಎಂದು ಮಾತ್ರೆ ನುಂಗಿ ಮಲಗುತ್ತಾರೆ. ಮಲಗಬಾರದು. ಮಿದುಳಿನ ರಕ್ತನಾಳದಲ್ಲಿ ಗುಳ್ಳೆಯಂತೆ ಉಬ್ಬಿದ ಜಾಗ, ಅಂದರೆ ಅನ್ಯೂರಿಸಂ ಒಡೆದಿದ್ದರೆ, ಮತ್ತೆ ರಕ್ತಸ್ರಾವವಾಗುವ ಅಪಾಯ ಮೊದಲ 24 ಗಂಟೆಯಲ್ಲೇ ಹೆಚ್ಚು.

108ಕ್ಕೆ ಫೋನ್ ಮಾಡಿ. ಬೈಕಿನಲ್ಲಿ ಕೂರಿಸಿಕೊಂಡು ಹೋಗಬೇಡಿ, ದಾರಿಯಲ್ಲೇ ಫಿಟ್ಸ್ ಬರಬಹುದು. ಸಿಟಿ ಸ್ಕ್ಯಾನ್, ನ್ಯೂರೋಸರ್ಜರಿ ಎರಡೂ ಇರುವ ಆಸ್ಪತ್ರೆಗೇ ಹೋಗಬೇಕು. ಸರ್ಕಾರಿ ಆಸ್ಪತ್ರೆಗಳ ಪೈಕಿ ಗಾಂಧಿ ಆಸ್ಪತ್ರೆ, ಪಂಜಗುಟ್ಟದ ನಿಮ್ಸ್ ಇವೆ. ಇಎಸ್‌ಐ ಕಾರ್ಡ್ ಜೊತೆಗಿರಲಿ, ಆದರೆ ರೆಫರಲ್ ಚೀಟಿಗೆಂದು ಕಾಯುತ್ತ ಕೂರಬೇಡಿ. ಆಸ್ಪಿರಿನ್ ಬೇಡವೇ ಬೇಡ.

ನೋವು ಶುರುವಾದ ಗಂಟೆಯನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಹೆಚ್ಚಿನವರು ಎಡವುವುದು ಇಲ್ಲೇ. “ಬೆಳಿಗ್ಗೆಯಿಂದ ತಲೆನೋವು ಸಾರ್” ಎಂದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ. “7.40ಕ್ಕೆ ಹಲ್ಲುಜ್ಜುವಾಗ ಹಿಂದಲೆಗೆ ಹೊಡೆದ ಹಾಗಾಯಿತು, ಒಂದೇ ನಿಮಿಷದಲ್ಲಿ ತಡೆಯಲಾರದಷ್ಟಾಯಿತು, ವಾಂತಿಯಾಯಿತು” ಎನ್ನಿ. ಮುಂದಿನ ಪರೀಕ್ಷೆ ಯಾವುದೆಂದು ನಿರ್ಧಾರವಾಗುವುದು ಈ ಗಂಟೆಯ ಮೇಲೆ. ಮೊದಲ 6 ಗಂಟೆಯೊಳಗೆ ಒಳ್ಳೆಯ ಯಂತ್ರದಲ್ಲಿ ಸಿಟಿ ಮಾಡಿ, ನುರಿತ ರೇಡಿಯಾಲಜಿಸ್ಟ್ ನೋಡಿದರೆ ರಕ್ತ ಕಣ್ತಪ್ಪುವುದು ತೀರಾ ಅಪರೂಪ. ಹೊತ್ತು ಕಳೆದಂತೆ ಸಿಟಿಯ ಭರವಸೆ ಇಳಿಯುತ್ತದೆ. ಆಗ ಸಿಟಿ ಆಂಜಿಯೋ ಮಾಡಬಹುದು ಅಥವಾ ಬೆನ್ನಿನಿಂದ ನೀರು ತೆಗೆದು ನೋಡಬಹುದು. ನೀರು ತೆಗೆದರೆ ಕಾಲು ಬಿದ್ದುಹೋಗುತ್ತದೆ ಎಂಬ ಹೆದರಿಕೆಯಿಂದ ಸಹಿ ಹಾಕದೆ ಮನೆಗೆ ಮರಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಹಾಗಾದರೆ ಎಂಆರ್‌ಐ ಯಾವಾಗ? ನೋವು ಬಂದು ಕೆಲವು ದಿನ ಕಳೆದಿದ್ದರೆ ಅದು ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಸಿಟಿಯಲ್ಲಿ ಮಾಸಿಹೋದ ರಕ್ತದ ಗುರುತು ಫ್ಲೇರ್, ಎಸ್‌ಡಬ್ಲ್ಯುಐ ಎಂಬ ಚಿತ್ರಗಳಲ್ಲಿ ಸಿಗಬಹುದು. ಉಬ್ಬು ಎಲ್ಲಿದೆ ಎಂದು ತೋರಿಸುವುದು ಎಂಆರ್ ಆಂಜಿಯೋ, ಇದನ್ನು ಇಂಜೆಕ್ಷನ್ ಇಲ್ಲದೆಯೂ ಮಾಡಬಹುದು. 3 ಮಿಲಿಮೀಟರಿಗಿಂತ ಚಿಕ್ಕದು ಇದರಲ್ಲೂ ತಪ್ಪಿಸಿಕೊಳ್ಳಬಹುದು. ಆಂಜಿಯೋ ಇಲ್ಲದ ಬರೀ ‘ಎಂಆರ್‌ಐ ಬ್ರೈನ್’ ರಿಪೋರ್ಟಿನಲ್ಲಿ ನಾರ್ಮಲ್ ಎಂದಿದ್ದರೆ ಉಬ್ಬೇ ಇಲ್ಲವೆಂದು ಅರ್ಥವಲ್ಲ. ವಾಂತಿ ಮಾಡುತ್ತ ಮಂಪರಿನಲ್ಲಿರುವವರನ್ನು ಅರ್ಧ ಗಂಟೆ ಆ ಸದ್ದಿನ ಕೊಳವೆಯೊಳಗೆ ಅಲುಗದೆ ಮಲಗಿಸುವುದೂ ಕಷ್ಟ. ಸಿಟಿ ಕೆಲವೇ ನಿಮಿಷಗಳ ಕೆಲಸ.

ಉಬ್ಬು ಸಿಕ್ಕ ಮೇಲೆ ಅದನ್ನು ಮುಚ್ಚಲು ಕಾಯಿಲ್ ಹಾಕಬೇಕೋ ಕ್ಲಿಪ್ ಹಾಕಬೇಕೋ ಎಂಬುದು ವೈದ್ಯರ ತೀರ್ಮಾನ. ನಿಮೋಡಿಪಿನ್ ಮಾತ್ರೆ ಸಾಮಾನ್ಯವಾಗಿ 21 ದಿನ, ನಡುವೆ ನೀವಾಗಿ ನಿಲ್ಲಿಸಬೇಡಿ. ಕ್ಲಿಪ್ಪಿನ ಕಂಪನಿ, ಮಾದರಿಯನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ಹಳೆಯ ಕೆಲವು ಕ್ಲಿಪ್‌ಗಳನ್ನು ಅಯಸ್ಕಾಂತ ಎಳೆಯುತ್ತದೆ, ಮುಂದೆ ಎಂಆರ್‌ಐಗೆ ಹೋದಾಗ ಈ ವಿವರ ಕೇಳಿಯೇ ಒಳಗೆ ಬಿಡುತ್ತಾರೆ.