ನಾಬೆ ಟೇಬಲ್ಲಿನಲ್ಲಿ ಗೆಲ್ಲಿ: ಜಪಾನಿಗೆ ಹೊರಟ ಹಾವೇರಿಯ ಹುಡುಗ ಹುಡುಗಿಯರಿಗೆ 7 ಸೂತ್ರಗಳು

ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿದ್ದೀರಾ? ರಾಣೆಬೆನ್ನೂರಿನಲ್ಲಿ ಡಿಪ್ಲೊಮಾ ಮುಗಿಸಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಮೇಲೆ ಕಣ್ಣಿಟ್ಟಿದ್ದೀರಾ? ಹಾಗಾದರೆ ಜಪಾನ್ ನಿಮಗೆ ದೂರವಲ್ಲ. ಬಿಡದಿಯಲ್ಲಿ 1999ರಿಂದ ಕಾರು ತಯಾರಾಗುತ್ತಿದೆ. ನುರಿತ ಕೆಲಸಗಾರರನ್ನು ಕರೆಸಿಕೊಳ್ಳುವ ಒಪ್ಪಂದಕ್ಕೆ ಭಾರತ, ಜಪಾನ್ 2021ರ ಜನವರಿಯಲ್ಲಿ ಸಹಿ ಹಾಕಿವೆ. ಅಲ್ಲಿಗೆ ಹೋದ ಮೇಲೆ ಒಂದು ಸಂಜೆ ಟೀಮ್ ನಿಮ್ಮನ್ನು ಊಟಕ್ಕೆ ಕರೆಯುತ್ತದೆ. ಚಳಿಗಾಲವಾದರೆ ಅದು ನಾಬೆ ಇರಬಹುದು: ಟೇಬಲ್ ನಡುವೆ ಒಲೆ, ಒಲೆಯ ಮೇಲೆ ಕುದಿಯುವ ಸಾರು, ಸುತ್ತ ಕೂತವರೇ ಬೇಯಿಸಿಕೊಂಡು ತಿನ್ನುವುದು. "ಇದೆಲ್ಲ ನಮ್ಮಂಥವರಿಗಲ್ಲ" ಎಂಬ ಹಿಂಜರಿಕೆ ಬರೀ ಒಂದು ಅಭ್ಯಾಸ. ಬಿಟ್ಟುಬಿಡಿ. ತಯಾರಾಗಿ ಹೋಗಿ.

1. ಏನು ತಿನ್ನುವುದಿಲ್ಲ ಎಂಬುದನ್ನು ಮೊದಲೇ ಹೇಳಿ.
ಹೋಟೆಲ್ ಬುಕ್ ಆಗುವ ಮುಂಚೆ ಹೇಳಿ, ಕೂತ ಮೇಲಲ್ಲ. ನಾಬೆಯ ಬಗೆಗಳಾದ ಶಾಬು-ಶಾಬು, ಸುಕಿಯಾಕಿ ಎರಡರಲ್ಲೂ ತೆಳ್ಳಗೆ ಕೊಯ್ದ ದನದ ಅಥವಾ ಹಂದಿಯ ಮಾಂಸವೇ ಮುಖ್ಯ. ಬರೀ ತರಕಾರಿ ಕಂಡರೂ ನಂಬಬೇಡಿ, ಸಾರಿನಲ್ಲಿ ಒಣಮೀನಿನ ದಾಶಿ ಇರಬಹುದು. ನಂಚಿಕೊಳ್ಳುವ ಪೊಂಜು ಸಾಸಿನಲ್ಲೂ ಇರಬಹುದು. ಸಸ್ಯಾಹಾರಿಗಳು ಕೊಂಬು ದಾಶಿ ಕೇಳಿ. ಅದು ಸಮುದ್ರದ ಪಾಚಿಯ ಸಾರು. 1908ರಲ್ಲಿ ವಿಜ್ಞಾನಿ ಕಿಕುನಾಎ ಇಕೆಡಾ ಉಮಾಮಿ ರುಚಿಯ ಮೂಲವನ್ನು ಕಂಡುಕೊಂಡದ್ದು ಇದೇ ಪಾಚಿಯಲ್ಲಿ, ಹಾಗಾಗಿ ರುಚಿ ಕಮ್ಮಿಯಾದೀತೆಂಬ ಚಿಂತೆ ಬೇಡ. ತೋಫು, ಎಲೆಕೋಸು, ಅಣಬೆ, ಉದೊನ್ ಶಾವಿಗೆ ಸೇರಿದರೆ ಹೊಟ್ಟೆ ತುಂಬುತ್ತದೆ. ನಿಮಗೇ ಬೇರೆ ಪಾತ್ರೆ ಕೊಡುವ ಹೋಟೆಲುಗಳೂ ಇವೆ, ಕೇಳಿ. ಒಂದು ವಾಕ್ಯ ಬಾಯಿಪಾಠ ಮಾಡಿ: "ನಿಕು ಮೊ ಸಾಕಾನಾ ಮೊ ತಾಬೆಮಾಸೆನ್." ಮಾಂಸ, ಮೀನು ಎರಡೂ ತಿನ್ನುವುದಿಲ್ಲ ಎಂದರ್ಥ. ಮುಂಚಿತವಾಗಿ ಹೇಳಿದವರಿಗೆ ವ್ಯವಸ್ಥೆ ಆಗುತ್ತದೆ. ಕೊನೆ ಗಳಿಗೆಯಲ್ಲಿ ಹೇಳಿದರೆ ಇಡೀ ಟೀಮ್ ಮುಜುಗರಪಡುತ್ತದೆ.

2. ಎಂಜಲಿನ ಭಯಕ್ಕೆ ಪರಿಹಾರ ಟೇಬಲ್ ಮೇಲೇ ಇದೆ.
ನಮ್ಮ ಕಡೆಯವರು ಹಿಂದೆ ಸರಿಯುವುದು ಹೆಚ್ಚಾಗಿ ಇಲ್ಲೇ. ಒಂದೇ ಪಾತ್ರೆಗೆ ಎಲ್ಲರೂ ಕೈ ಹಾಕುವುದೆಂದರೆ ಮನಸ್ಸು ಒಪ್ಪುವುದಿಲ್ಲ. ಆದರೆ ಬಡಿಸಿಕೊಳ್ಳಲೆಂದೇ ಬೇರೆ ಕಡ್ಡಿ, ಸೌಟು ಇಟ್ಟಿರುತ್ತಾರೆ. ಅವುಗಳಿಂದ ನಿಮ್ಮ ಬಟ್ಟಲಿಗೆ ಹಾಕಿಕೊಳ್ಳಿ, ಬಾಯಿಗೆ ನಿಮ್ಮ ಕಡ್ಡಿ ಬಳಸಿ. ಕಾಣದಿದ್ದರೆ "ತೋರಿಬಾಶಿ" ಎಂದು ಕೇಳಿ. ಮನೆಯ ಶಿಸ್ತನ್ನು ಬಿಡಬೇಕಾಗಿಲ್ಲ, ಅದು ಅಲ್ಲಿಯೂ ಸಲ್ಲುತ್ತದೆ.

3. ಕಡ್ಡಿ ಹಿಡಿಯುವುದನ್ನು ಮನೆಯಲ್ಲೇ ಕಲಿಯಿರಿ.
ದಿನಾ ಹತ್ತು ನಿಮಿಷ ಶೇಂಗಾ ಬೀಜ ಎತ್ತಿ. ಶೇಂಗಾ ಬಂದರೆ ತೋಫು ಕೂಡ ಬರುತ್ತದೆ. ಎರಡು ತಪ್ಪು ಮಾತ್ರ ಮಾಡಬೇಡಿ: ಅನ್ನದಲ್ಲಿ ಕಡ್ಡಿ ನೆಟ್ಟಗೆ ಚುಚ್ಚುವುದು, ಕಡ್ಡಿಯಿಂದ ಕಡ್ಡಿಗೆ ತುತ್ತು ದಾಟಿಸುವುದು. ಎರಡೂ ಅವರಿಗೆ ಸಾವಿನ ಮನೆಯ ಆಚರಣೆಯನ್ನು ನೆನಪಿಸುತ್ತವೆ.

4. ಬೇಯಿಸುವ ಕ್ರಮ ತಿಳಿದಿರಲಿ.
ಗಜ್ಜರಿ, ಎಲೆಕೋಸಿನ ದಂಟು, ಅಣಬೆ ಮೊದಲು. ಸೊಪ್ಪು ಆಮೇಲೆ. ತೆಳು ದನದ ಮಾಂಸಕ್ಕೆ ಕೆಲವೇ ಸೆಕೆಂಡು ಸಾಕು. ಹಂದಿಯದನ್ನು ಪೂರ್ತಿ ಬೇಯಿಸಿ. ಇಡೀ ತಟ್ಟೆ ಒಮ್ಮೆಗೇ ಸುರಿಯಬೇಡಿ, ಸಾರಿನ ಕುದಿ ನಿಲ್ಲುತ್ತದೆ. ಮೇಲೆ ಬರುವ ನೊರೆಯನ್ನು ನೀವೇ ಸೌಟಿನಿಂದ ತೆಗೆಯಿರಿ. ಭಾಷೆ ಬಾರದ ಹೊಸಬರಿಗೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ: ನಾಲ್ಕು ಜನಕ್ಕೆ ಉಪಯೋಗ, ಒಂದು ಮಾತೂ ಬೇಡ.

5. ಹಸಿ ಮೊಟ್ಟೆಗೆ "ಬೇಡ" ಎನ್ನಬಹುದು.
ಸುಕಿಯಾಕಿಯನ್ನು ಕಲಕಿದ ಹಸಿ ಮೊಟ್ಟೆಯಲ್ಲಿ ಅದ್ದಿ ತಿನ್ನುತ್ತಾರೆ. ಬೇಡವಾದರೆ ಬಟ್ಟಲು ಪಕ್ಕಕ್ಕಿಡಿ. ನಗುತ್ತಾ ಹೇಳಿ, ಕಾರಣ ವಿವರಿಸಬೇಡಿ.

6. ಬ್ಯಾಡಗಿಯನ್ನು ಮಾತಿನಲ್ಲಿ ಬಡಿಸಿ.
ಸಪ್ಪೆ ಎನಿಸಿದರೆ ಶಿಚಿಮಿ ತೊಗಾರಾಶಿ ಕೇಳಿ. ಅದು ಮೆಣಸಿನಕಾಯಿ ಬೆರೆತ ಮಸಾಲೆ ಪುಡಿ. ನಿಮ್ಮ ಬಟ್ಟಲಿಗಷ್ಟೇ ಹಾಕಿಕೊಳ್ಳಿ, ಎಲ್ಲರ ಪಾತ್ರೆಗೆ ಬೇಡವೇ ಬೇಡ. ಆಗ ನಿಮ್ಮ ಊರಿನ ಮಾತು ತೆಗೆಯಿರಿ: ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಗಾಢ, ಖಾರ ಕಮ್ಮಿ, ಡಬ್ಬಿ, ಕಡ್ಡಿ ಎಂದು ಎರಡು ಬಗೆ, 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ, ಅದರಿಂದ ತೆಗೆದ ಓಲಿಯೊರೆಸಿನ್ ಲಿಪ್‌ಸ್ಟಿಕ್ಕಿಗೂ ಬಣ್ಣ ಕೊಡುತ್ತದೆ. ಈ ನಾಲ್ಕು ಮಾತನ್ನು ಇಂಗ್ಲಿಷಿನಲ್ಲೂ ಸರಳ ಜಪಾನೀಸಿನಲ್ಲೂ ಪ್ರಾಕ್ಟೀಸ್ ಮಾಡಿ. ಹೆಸರು ಮರೆತವರೂ "ಮೆಣಸಿನಕಾಯಿ ಊರಿನವರು" ಎಂದು ನಿಮ್ಮನ್ನು ಗುರುತಿಟ್ಟುಕೊಳ್ಳುತ್ತಾರೆ. ಊರಿನ ಬಗ್ಗೆ ಸಂಕೋಚಪಡುವವರು ಕೈಯಲ್ಲಿದ್ದ ಅವಕಾಶ ಕಳೆದುಕೊಳ್ಳುತ್ತಾರೆ.

7. ಗಡಿಯಾರ ನೋಡಿ, ಚೆನ್ನಾಗಿ ಮುಗಿಸಿ.
ತಾಬೆಹೋದಾಯಿ, ಅಂದರೆ ಬೇಕಾದಷ್ಟು ತಿನ್ನುವ ಪ್ಲಾನಿನಲ್ಲಿ, ಸಾಮಾನ್ಯವಾಗಿ 90ರಿಂದ 120 ನಿಮಿಷದ ಮಿತಿ ಇರುತ್ತದೆ. ಲಾಸ್ಟ್ ಆರ್ಡರ್ ಅದಕ್ಕೂ ಮುಂಚೆ. ತಿನ್ನುವಷ್ಟೇ ತರಿಸಿ; ಉಳಿಸಿದರೆ ದಂಡ ಹಾಕುವ ಹೋಟೆಲುಗಳಿವೆ. ಕೊನೆಗೆ ಉಳಿದ ಸಾರಿಗೆ ಅನ್ನವನ್ನೋ ಉದೊನ್ ಶಾವಿಗೆಯನ್ನೋ ಹಾಕುತ್ತಾರೆ, ಅದಕ್ಕೆ ಹೊಟ್ಟೆಯಲ್ಲಿ ಜಾಗ ಇಟ್ಟುಕೊಳ್ಳಿ. ಟಿಪ್ಸ್ ಇಡಬೇಡಿ, ಅಲ್ಲಿ ಆ ರೂಢಿಯಿಲ್ಲ. ಏಳುವಾಗ ಊಟಕ್ಕೆ ಥ್ಯಾಂಕ್ಸ್ ಹೇಳಲು "ಗೊಚಿಸೋಸಾಮಾ ದೆಶಿತಾ" ಎನ್ನಿ. ಮರುದಿನ ಆಫೀಸಿನಲ್ಲಿ, ಕೆಲಸ ಶುರುವಾಗುವ ಮುಂಚೆ, ಕರೆದುಕೊಂಡು ಹೋದವರಿಗೆ ಮತ್ತೊಮ್ಮೆ ಥ್ಯಾಂಕ್ಸ್ ಹೇಳಿ.