ನಾ ಬಿದ್ರ ನನ್ನ ಎತ್ತಾವರು ಯಾರು?

ಪ್ರಶ್ನೆ: ನನಗ ಈಗ 68 ವರ್ಷ. ಟಿಕೋಟಾ ತಾಲೂಕಿನ ಒಂದು ಹಳ್ಳ್ಯಾಗ ಒಬ್ಬಾಕೀನ ಇರ್ತೀನಿ. ಯಜಮಾನ್ರು ತೀರಿಕೊಂಡು ಭಾಳ ವರ್ಷಾತು. ಮಗ ಪುಣೇದಾಗ ಅದಾನ, ಮಗಳನ್ನ ವಿಜಯಪುರಕ್ಕ ಕೊಟ್ಟೇನಿ. ನಾ ಸೊಸಿಯಾಗಿ ಈ ಓಣಿಗೆ ಬಂದಾಗಿಂದ ಯಾರ ಮನ್ಯಾಗ ಬಾಣಂತನ ಇರಲಿ, ಮದುವಿ ರೊಟ್ಟಿ ಬಡಿಯೂದಿರಲಿ, ಸಾವಾಗಿರಲಿ, ಮೊದಲ ನನ್ನ ಕರೀತಾರ. ಇಲ್ಲ ಅಂದಾಕಿ ಅಲ್ಲ ನಾ. ಈಗ ಎರಡೂ ಮೊಣಕಾಲ ಹೋಗ್ಯಾವ. ಶುಗರೂ ಐತಿ. ನಮ್ಮ ಮಗ್ಗಲ ಮನೀ ದೊಡ್ಡವ್ವಗ 80 ದಾಟೈತಿ. ಹೋದ ವರ್ಷ ಬಿದ್ದು ಟೊಂಕ ಮುರಕೊಂಡಾಗಿಂದ ಹಾಸಿಗಿ ಹಿಡದಾಳ. ಇಬ್ಬರು ಗಂಡಮಕ್ಕಳು, ಒಬ್ಬ ಸೊಲ್ಲಾಪುರದಾಗ, ಒಬ್ಬ ಬೆಂಗಳೂರಾಗ. ಆಕೀನ ಎತ್ತಿ ಕುಂದ್ರಸೂದು, ಮೈ ತೊಳಿಯೂದು, ಉಣಸೂದು ಎಲ್ಲಾ ನಂದ. ಹೋದ ತಿಂಗಳ ಎತ್ತೂಮುಂದ ಇಬ್ಬರೂ ಕೂಡಿ ನೆಲಕ್ಕ ಬಿದ್ದಿವಿ. ಅರ್ಧಾ ತಾಸು ಯಾರೂ ಬರಲಿಲ್ಲ. ಓಣ್ಯಾಗಿನ ಹೆಣ್ಣಮಕ್ಕಳೆಲ್ಲಾ ದ್ರಾಕ್ಷಿ ತೋಟಕ್ಕ ಹೋಗಿದ್ರು. ಮಗಗ ಗೊತ್ತಾಗಿ, ಎಲ್ಲಾ ಬಿಟ್ಟು ಪುಣೇಕ ಬಾ ಅಂತಾನ. ನಾ ಹೋದ್ರ ಆಕೀಗೆ ಯಾರು? ಇದ್ರ ನನ್ನ ಕೈಲೆ ಆಗವಲ್ದು. ರಾತ್ರಿ ನಿದ್ದಿ ಹತ್ತೂದಿಲ್ಲ. ನಾಳೆ ನಾ ಬಿದ್ರ ನನ್ನ ಎತ್ತಾವರು ಯಾರು ಅನಸ್ತೈತಿ. ಮಂದಿ ಕೈಲೆ ಮಾಡಿಸಿಕೊಳ್ಳಾಕ ನನಗ ಭಾಳ ನಾಚಿಕಿ. ಇದನ್ನ ಯಾರ ಮುಂದೂ ಹೇಳಿಲ್ಲ.
— ಹೆಸರು ಬೇಡ, ಟಿಕೋಟಾ ತಾಲೂಕು

ಉತ್ತರ: ಅಕ್ಕಾ ಅವರೇ, ಉಳಿದ ಮಾತು ಆಮೇಲೆ. ಮೊದಲು ಒಂದು ಕೆಲಸ ಇವತ್ತಿನಿಂದಲೇ ನಿಲ್ಲಬೇಕು: ದೊಡ್ಡವ್ವನನ್ನು ನೀವೊಬ್ಬರೇ ಎತ್ತಬೇಡಿ. ಒಂದು ಸಲವೂ ಬೇಡ. ಸವೆದ ಮೊಣಕಾಲಿನ ಮೇಲೆ ಇನ್ನೊಂದು ದೇಹದ ಭಾರ ಹೊತ್ತರೆ ಕಾಲು ಯಾವ ಗಳಿಗೆಯಲ್ಲಾದರೂ ಜಾರುತ್ತದೆ. ಹೋದ ತಿಂಗಳು ಇಬ್ಬರೂ ಬಿದ್ದು ಮೂಳೆ ಮುರಿಯದೆ ಉಳಿದಿರಿ. ಮತ್ತೊಮ್ಮೆ ಬಿದ್ದರೆ ಆ ಓಣಿಯಲ್ಲಿ ಹಾಸಿಗೆ ಹಿಡಿದವರು ಇಬ್ಬರಾಗುತ್ತೀರಿ.

ಎತ್ತದೆ ಹೇಗೆ ಎಂದು ಕೇಳುತ್ತೀರಿ. ಹಳೆಯ ಹತ್ತಿಯ ಸೀರೆಯನ್ನೋ ಧೋತರವನ್ನೋ ನಾಲ್ಕು ಮಡಿಕೆ ಮಾಡಿ ಹೆಗಲಿನಿಂದ ತೊಡೆಯವರೆಗೆ ಬರುವಂತೆ ಅವರ ಕೆಳಗೆ ಹಾಸಿ. ಆಚೆಗೊಬ್ಬರು ಈಚೆಗೊಬ್ಬರು ನಿಂತು ಅದರ ಅಂಚನ್ನು ಸುರುಳಿ ಸುತ್ತಿ ಹಿಡಿದು ಸರಿಸಿದರೆ ಮೈಯನ್ನು ಎಳೆಯಬೇಕಿಲ್ಲ, ಬೆನ್ನಿನ ಚರ್ಮವೂ ತರಚುವುದಿಲ್ಲ. ಎರಡೆರಡು ತಾಸಿಗೆ ಮಗ್ಗಲು ಬದಲಿಸಿದರೆ ಹಾಸಿಗೆ ಹುಣ್ಣು ಬರುವುದು ಬಹಳ ಕಡಿಮೆಯಾಗುತ್ತದೆ. ದಿನಾ ಸ್ನಾನ ಬೇಕಿಲ್ಲ, ಒದ್ದೆ ಅರಿವೆಯಿಂದ ಮೈ ಒರೆಸಿದರೆ ಸಾಕು. ಉಣಿಸುವಾಗ ಮಾತ್ರ ಮಲಗಿಸಿಕೊಂಡು ಉಣಿಸಬೇಡಿ. ತಲೆ, ಬೆನ್ನಿನ ಹಿಂದೆ ಕೌದಿ ಒಟ್ಟಿ ಕೂರಿಸಿ, ಮೆತ್ತಗಿನ ನುಚ್ಚು ಮಜ್ಜಿಗೆಯನ್ನೋ ಹಾಲಿನಲ್ಲಿ ನೆನೆಸಿದ ರೊಟ್ಟಿಯನ್ನೋ ಸಣ್ಣ ತುತ್ತಿನಲ್ಲಿ ಕೊಡಿ, ಉಂಡ ಮೇಲೂ ಅರ್ಧ ತಾಸು ಹಾಗೆಯೇ ಕೂತಿರಲಿ. ಮಲಗಿದವರ ಬಾಯಿಗೆ ಹಾಕಿದ ಅನ್ನ ಉಸಿರಿನ ಕೊಳವೆಗೆ ಹೋಗಿ ನ್ಯುಮೋನಿಯಾ ಆಗುವುದುಂಟು.

ಇನ್ನೊಂದು ಮಾತು. ಟೊಂಕದ ಮೂಳೆ ಮುರಿದರೆ ಮುಗಿಯಿತು, ಈ ವಯಸ್ಸಿನಲ್ಲಿ ಆಪರೇಷನ್ ಬೇಡ ಎಂದು ನಮ್ಮ ಕಡೆ ಮನೆಮಂದಿಯೇ ತೀರ್ಮಾನಿಸಿಬಿಡುತ್ತಾರೆ. 80 ದಾಟಿದವರಿಗೂ ಈ ಆಪರೇಷನ್ ಮಾಡಿ ನಡೆಸಿದ್ದಾರೆ. ದೊಡ್ಡವ್ವನಿಗೆ ಈಗ ಏನು ಸಾಧ್ಯ ಎಂಬುದನ್ನು ವಿಜಯಪುರದ ಎಲುಬು ಡಾಕ್ಟರೊಬ್ಬರು ನೋಡಿ ಹೇಳಬೇಕು. ಒಂದು ವರ್ಷ ಕಳೆದಿದೆ ನಿಜ, ಆದರೂ ಒಮ್ಮೆ ತೋರಿಸಲೇಬೇಕು. ಅವರನ್ನು ಕರೆದೊಯ್ಯುವ ಹೊಣೆ ನಿಮ್ಮದಲ್ಲ, ಮಕ್ಕಳದು.

ಮಕ್ಕಳ ಮಾತಿಗೆ ಬರುತ್ತೇನೆ. ಕಠಿಣವಾಗಿ ಕಂಡರೂ ಹೇಳುತ್ತೇನೆ: ನೀವು ಇಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿರುವುದರಿಂದಲೇ ಅವರು ಬರುತ್ತಿಲ್ಲ. ಅವ್ವ ಹೇಗಿದ್ದಾಳೆ ಎಂದು ಫೋನಿನಲ್ಲಿ ಕೇಳಿದಾಗಲೆಲ್ಲ 'ಆರಾಮ ಅದಾಳ' ಎಂದು ಹೇಳಿರುತ್ತೀರಿ. ಅವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಅವರಿಗೆ ನಿಜ ಗೊತ್ತಿಲ್ಲ, ಗೊತ್ತಾಗದಂತೆ ನಿಮ್ಮ ಒಳ್ಳೆಯತನ ಮುಚ್ಚಿಟ್ಟಿದೆ. ಹಿರಿಮಗನಿಗೆ ಫೋನ್ ಮಾಡಿ, ಸಿಟ್ಟಿಲ್ಲದೆ, ಇಷ್ಟೇ ಹೇಳಿ: 'ತಮ್ಮಾ, ನಾವಿಬ್ಬರೂ ಬಿದ್ದಿವಿ. ನಿಮ್ಮವ್ವನ್ನ ಎತ್ತೂದು ಇನ್ನ ನನ್ನ ಕೈಲೆ ಆಗೂದಿಲ್ಲ. ಮುಂಜಾನಿ, ಸಂಜಿಕೆ ಮೈ ತೊಳದು ಮಗ್ಗಲ ಮಾಡ್ಸಾಕ ಪಗಾರದ ಒಬ್ಬಾಕೀನ ಇಡಬೇಕು. ನೀನೂ ನಿನ್ನ ತಮ್ಮನೂ ಕೂಡಿ ರೊಕ್ಕ ಕಳಸ್ರಿ, ಈ ತಿಂಗಳ ಒಬ್ಬರಾದ್ರೂ ಬಂದು ದವಾಖಾನಿಗೆ ತೋರಸ್ರಿ.' ಅದರ ಮೇಲೆ ಒಂದು ಮಾತೂ ಬೇಡ. ಆಗಲಿ ಬಿಡು, ನಾನೇ ನೋಡುತ್ತೇನೆ ಎಂಬ ಮಾತು ನಿಮ್ಮ ನಾಲಿಗೆಯ ತುದಿಯಲ್ಲಿ ಇರುತ್ತದೆ. ಅದನ್ನು ನುಂಗಿಕೊಳ್ಳಿ.

ಆದರೂ ಬರದಿದ್ದರೆ? ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ 2007ರಿಂದ ಇದೆ. 60 ದಾಟಿದ ತಾಯಿಯನ್ನು ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ವಕೀಲರನ್ನು ಇಡಬೇಕಿಲ್ಲ. ತಾಯಿಗೆ ಸ್ವತಃ ಹೋಗಲಾಗದಿದ್ದರೆ ಅವರು ಒಪ್ಪಿಗೆ ಕೊಟ್ಟ ಬೇರೊಬ್ಬರು ಅವರ ಪರವಾಗಿ ಅರ್ಜಿ ಹಾಕಬಹುದು. ಕಾಯ್ದೆಯ ಹೆಸರು ಕೇಳಿದ ಮೇಲೆ ದಾರಿಗೆ ಬಂದ ಮಕ್ಕಳನ್ನು ನಾನು ಕಂಡಿದ್ದೇನೆ. ಆದರೆ ಈ ಹೆಜ್ಜೆ ಇಡುವ ಮೊದಲು ದೊಡ್ಡವ್ವನನ್ನು ಕೇಳಿ. ನಿಮ್ಮ ಪತ್ರದಲ್ಲಿ ಅವರಿಗಾಗಿ ಮಾಡುವುದೆಲ್ಲ ಇದೆ, ಅವರು ಆಡಿದ ಒಂದು ಮಾತೂ ಇಲ್ಲ. ಮಲಗಿದವರಿಗೂ ಮನಸ್ಸಿದೆ. ಸೊಲ್ಲಾಪುರಕ್ಕೆ ಹೋಗಲು ಅವರಿಗೆ ಇಷ್ಟವೋ, ಈ ಓಣಿಯಲ್ಲೇ ಇರಬೇಕೋ, ನಿಮ್ಮ ಮೊಣಕಾಲು ಹೋದದ್ದು ಅವರಿಗೆ ಗೊತ್ತೋ, ಒಂದು ಸಂಜೆ ಕೂತು ಮಾತಾಡಿ. ನೀವು ನೋಯುತ್ತಿರುವುದು ತಿಳಿದು ತಾವೂ ಒಳಗೊಳಗೇ ಕೊರಗುತ್ತಿರಬಹುದು.

ಅವರ ರೊಕ್ಕದ ವ್ಯವಹಾರ ಏನಾದರೂ ನಿಮ್ಮ ಕೈಯಲ್ಲಿದ್ದರೆ, ಸಂಧ್ಯಾ ಸುರಕ್ಷಾ ಪಿಂಚಣಿ ಬಿಡಿಸಿಕೊಡುವುದೋ ಔಷಧಿ ತರುವುದೋ, ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಓಣಿಯ ಇನ್ನೊಬ್ಬರ ಎದುರಿಗೆ ಬರೆಯಿರಿ. ಒಳ್ಳೆಯದು ಮಾಡಿದವರ ಮೇಲೆ ಕೊನೆಗೆ ಅಪವಾದ ಬರುವುದು ಇಂಥದ್ದರಲ್ಲೇ.

ಇನ್ನು ಓಣಿ. ನೀವು ಬಿದ್ದಾಗ ಅರ್ಧ ತಾಸು ಯಾರೂ ಬರಲಿಲ್ಲ ಎಂಬ ಮಾತು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಟಿಕೋಟಾ, ಬಬಲೇಶ್ವರ ಭಾಗದ ಹಳ್ಳಿಗಳ ಹಗಲು ಈಗ ಬದಲಾಗಿದೆ. ಮೊದಲು ಮಳೆ ನಂಬಿದ ಬಿಳಿಜೋಳದ ಹೊಲಗಳಿದ್ದವು, ಸುಗ್ಗಿ ಮುಗಿದರೆ ಓಣಿ ತುಂಬ ಮಂದಿ. ಈಗ ದ್ರಾಕ್ಷಿ ತೋಟಗಳು ವರ್ಷವಿಡೀ ಕೈ ಬೇಡುತ್ತವೆ: ಬಳ್ಳಿ ಸವರಿ ಚಾಟ್ನಿ ಮಾಡುವಾಗ, ಗೊನೆ ತೆಳುಮಾಡುವಾಗ, ಬೇಸಿಗೆಯ ಹೊತ್ತಿಗೆ ಶೆಡ್ಡಿನಲ್ಲಿ ಮಣೂಕ, ಅಂದರೆ ಒಣದ್ರಾಕ್ಷಿ, ಒಣಗಿಸಿ ಆರಿಸುವಾಗ. ತಾಂಡಾದವರು ದೀಪಾವಳಿ ಮುಗಿಸಿ ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಹೋದರೆ ಮನೆಯಲ್ಲಿ ಉಳಿಯುವುದು ಮುದುಕರು, ಕೂಸುಗಳು. ಹಗಲು ಹತ್ತರಿಂದ ನಾಲ್ಕರವರೆಗೆ ಎಷ್ಟೋ ಓಣಿಗಳಲ್ಲಿ 60 ದಾಟಿದವರನ್ನು 80 ದಾಟಿದವರು ನಂಬಿಕೊಂಡಿದ್ದಾರೆ. ಇದರಲ್ಲಿ ಯಾರ ಕಲ್ಲೆದೆಯೂ ಇಲ್ಲ. ದುಡಿಮೆ ಹಾಗೆ ಬದಲಾಗಿದೆ, ಆಸರೆಯ ಪದ್ಧತಿ ಮಾತ್ರ ಬದಲಾಗಿಲ್ಲ.

ಅದನ್ನು ಬದಲಾಯಿಸಲು ನೀವೇ ತಕ್ಕವರು. ಮದುವೆ ಮನೆಯಲ್ಲಿ ಬಂದ ಆಯೇರವನ್ನೆಲ್ಲ ವಹಿಯಲ್ಲಿ ಬರೆದಿಡುತ್ತಾರೆ. ಕೊಟ್ಟವರ ಮನೆಯಲ್ಲಿ ಮದುವೆ ಬಂದಾಗ ತಿರುಗಿ ಹಾಕದಿದ್ದರೆ ಊರು ಮಾತಾಡುತ್ತದೆ. ಮುಯ್ಯಿ ಆಳಿನ ದಿನಗಳಲ್ಲೂ ಹಾಗೇ ಇತ್ತು, ಒಬ್ಬರ ಹೊಲದ ಜೋಳ ಕಿತ್ತವರ ಹೊಲಕ್ಕೆ ಆ ಮನೆಯವರು ಹೋಗಲೇಬೇಕು. ಅಲ್ಲಿ ತೆಗೆದುಕೊಳ್ಳುವುದಕ್ಕೆ ಯಾರೂ ನಾಚಲಿಲ್ಲ. ತೆಗೆದುಕೊಳ್ಳಲು ಒಲ್ಲೆ ಎಂದವರು ಮುಂದಿನವರಿಗೆ ತೀರಿಸುವ ದಾರಿಯನ್ನೇ ಕಟ್ಟುತ್ತಾರೆ. ಅಕ್ಕಾ, ನಿಮ್ಮ ಕೈಯಲ್ಲಿ ಹುಟ್ಟಿದ ಕೂಸುಗಳು ಆ ಓಣಿಯಲ್ಲಿ ಈಗ ಮದುವೆಯಾಗಿ ಮಕ್ಕಳನ್ನು ಹೆತ್ತಿವೆ. ನಿಮ್ಮ ವಹಿ ತುಂಬಿ ಹೋಗಿದೆ, ನೀವು ಒಂದು ಪೈಸೆಯನ್ನೂ ವಾಪಸು ಪಡೆದಿಲ್ಲ. ನಿಮ್ಮ ಕಷ್ಟದ ಬೇರು ನನಗೆ ಕಾಣುವುದು ಇಲ್ಲಿ. ಮೊಣಕಾಲಿಗೆ ಔಷಧಿ ಉಂಟು. ಈ ನಾಚಿಕೆಯನ್ನು ನೀವೇ ಬಿಡಬೇಕು.

ಒಂದು ಸೋಮವಾರವೋ ಅಮಾವಾಸ್ಯೆಯೋ, ಹೊಲದ ಕೆಲಸಕ್ಕೆ ಬಿಡುವಿರುವ ದಿನ, ಓಣಿಯ ನಾಲ್ಕು ಹೆಣ್ಣುಮಕ್ಕಳನ್ನು, ಇಬ್ಬರು ಗಟ್ಟಿ ಹುಡುಗರನ್ನು ಕಟ್ಟೆಗೆ ಕರೆಯಿರಿ. ಹುಡುಗರನ್ನು ಬಿಡಬೇಡಿ. ಎತ್ತುವ ಶಕ್ತಿ ಇರುವುದು ಅವರಿಗೆ, ಆದರೆ ಮೈ ಸೇವೆ ಹೆಂಗಸರದೆಂದು ನಾವೇ ಅವರನ್ನು ದೂರ ಇಟ್ಟಿದ್ದೇವೆ. ಒಬ್ಬ ಹೆಣ್ಣುಮಗಳು ಜೊತೆಗಿದ್ದು ಸೆರಗು ಸರಿಮಾಡಿದರೆ, ಮೊಮ್ಮಗನ ವಯಸ್ಸಿನ ಹುಡುಗ ಆಯಿಯನ್ನು ಎತ್ತಿ ಕೂರಿಸುವುದರಲ್ಲಿ ಯಾವ ಮಾನ ಹೋಗುತ್ತದೆ? ತೋಟಕ್ಕೆ ಹೋಗುವ ಮುಂಚೆ ಒಬ್ಬರು, ಬಂದ ಮೇಲೆ ಒಬ್ಬರು, ನಡುಹಗಲು ಒಮ್ಮೆ ಇಣುಕಲು ಒಬ್ಬರು, ಅಷ್ಟು ಹಂಚಿಕೊಂಡರೂ ನಡೆಯುತ್ತದೆ. ಮಣೂಕದ ಹಂಗಾಮಿನಲ್ಲಿ ಈ ಪಾಳಿ ಮುರಿಯುತ್ತದೆ, ಆಗ ಪಗಾರದವರೇ ಬೇಕು, ಅದನ್ನು ಮಕ್ಕಳಿಗೆ ಮೊದಲೇ ಹೇಳಿ. ಆಶಾ ಕಾರ್ಯಕರ್ತೆಗೂ ದೊಡ್ಡವ್ವನ ವಿಷಯ ತಿಳಿಸಿ.

ನೀವು ಸುಮ್ಮನೆ ಕೂರಬೇಕೆಂದು ನಾನು ಹೇಳುತ್ತಿಲ್ಲ, ಹೇಳಿದರೂ ನೀವು ಕೂರುವವರಲ್ಲ. ದೊಡ್ಡವ್ವನ ತಲೆ ಬಾಚಿ, ಮಾತಾಡಿಸಿ, ಯಾವ ಹೊತ್ತಿಗೆ ಯಾವ ಗುಳಿಗೆ ಎಂದು ನೋಡಿಕೊಳ್ಳಿ. ಮದುವೆ ರೊಟ್ಟಿಗೆ ಕರೆದರೆ ಹೋಗಿ, ಆದರೆ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂರದೆ ಖುರ್ಚಿಯ ಮೇಲೆ ಕೂತು ಹಿಟ್ಟಿನ ಅಳತೆ ಹೇಳಿ. ಸಾವಿನ ಮನೆಯಲ್ಲಿ ಏನು ಮೊದಲು, ಏನು ಆಮೇಲೆ, ಯಾರಿಗೆ ಹೇಳಿ ಕಳಿಸಬೇಕು ಎಂಬುದು ಇಂದಿನ ಎಷ್ಟು ಸೊಸೆಯರಿಗೆ ಗೊತ್ತು? ನಿಮ್ಮ ಜೊತೆ ಒಬ್ಬಳನ್ನು ಕರೆದುಕೊಂಡು ಹೋಗಿ ಕಲಿಸಿ. ಬಾಣಂತನವನ್ನೂ ಕಲಿಸಿ, ಬಾಣಂತಿಗೆ ನೀರು ಕಡಿಮೆ ಕೊಡುವ ಹಳೆಯ ಪದ್ಧತಿಯೊಂದನ್ನು ಬಿಟ್ಟು, ಅದು ತಾಯಿಗೂ ಹಾಲಿಗೂ ಒಳ್ಳೆಯದಲ್ಲ. ಯಾರಾದರೂ ಬಂದು ಕರೆದ ಕೂಡಲೇ 'ಹೂಂ' ಎನ್ನುವ ಬದಲು 'ನಾ ಕುಂತು ಮಾಡೂ ಕೆಲಸ ಇದ್ರ ಹೇಳವ್ವಾ' ಎನ್ನಿ. ಅದು ಇಲ್ಲ ಎಂದ ಹಾಗಲ್ಲ, ಕೇಳಿದವರಿಗೆ ನೋವಾಗುವುದೂ ಇಲ್ಲ.

ಪುಣೆಯ ವಿಷಯ. ಬಿದ್ದ ಹೆದರಿಕೆಯಲ್ಲಿ ಮನೆಗೆ ಕೀಲಿ ಹಾಕಬೇಡಿ. ಮಗನ ಕಾಳಜಿ ನಿಜ, ಅವನ ಮೇಲೆ ಸಿಟ್ಟು ಮಾಡಬೇಡಿ. ಆದರೆ ಹುಟ್ಟಿದಾಗಿನಿಂದ ಓಣಿಯಲ್ಲಿ ಬಾಳಿದವರು ಫ್ಲಾಟಿನಲ್ಲಿ ಹಗಲೆಲ್ಲ ಒಬ್ಬರೇ ಕೂತು ಒಂದೇ ವರ್ಷದಲ್ಲಿ ಕುಗ್ಗಿಹೋದದ್ದನ್ನು ನಾನು ಬಹಳ ನೋಡಿದ್ದೇನೆ. ಮೊದಲು ಮಗಳ ಮನೆಯಲ್ಲಿ ಕೆಲವು ದಿನ ಇದ್ದು ವಿಜಯಪುರದಲ್ಲಿ ಮೊಣಕಾಲು, ಶುಗರು ಎರಡನ್ನೂ ತೋರಿಸಿಕೊಳ್ಳಿ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ, ಬರಲು ಹೋಗಲು ಯಾರನ್ನೂ ಕೇಳಬೇಕಿಲ್ಲ. ನೀವಿಲ್ಲದ ಆ ದಿನಗಳಲ್ಲಿ ಓಣಿಯ ಪಾಳಿ ನಡೆಯುತ್ತದೋ ಇಲ್ಲವೋ ಎಂಬುದೂ ತಿಳಿಯುತ್ತದೆ.

ನಿಮ್ಮ ಮುಂದಿನ ದಿನಗಳ ಬಗ್ಗೆ ಬರೆದಿಡಿ. ರಾತ್ರಿ ಬಿದ್ದರೆ ಮೊದಲು ಯಾರಿಗೆ ಫೋನು, ಮನೆಯ ಇನ್ನೊಂದು ಕೀಲಿಕೈ ಯಾರ ಹತ್ತಿರ, ಯಾವ ದವಾಖಾನೆ, ಯಾವ ಗುಳಿಗೆ, ಹಾಸಿಗೆ ಹಿಡಿದರೆ ಎಲ್ಲಿರಬೇಕು. ಅಪಶಕುನ ಎಂದು ಎದೆ ಹಾರಿದರೆ ನಿಮ್ಮದೇ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮೀಜಿಯವರನ್ನು ನೆನೆಯಿರಿ. ತಾವು ಹೋದ ಮೇಲೆ ದೇಹವನ್ನು ಅಗ್ನಿಗೆ ಕೊಡಬೇಕು, ಸ್ಮಾರಕ ಕಟ್ಟಬಾರದು ಎಂದು 2014ರಲ್ಲೇ ಬರೆದು ಸಹಿ ಮಾಡಿಟ್ಟಿದ್ದರು. 2023ರ ಜನವರಿ 2ರಂದು ಜ್ಞಾನಯೋಗಾಶ್ರಮದಲ್ಲಿ ದೇಹ ಬಿಟ್ಟಾಗ ಯಾರಿಗೂ ಗೊಂದಲವಾಗಲಿಲ್ಲ, ಅವರು ಬರೆದಂತೆಯೇ ನಡೆಯಿತು. ನಿಮ್ಮ ಹಾಳೆಯ ಒಂದು ಪ್ರತಿ ಮಗಳಿಗೆ, ಒಂದು ಓಣಿಯಲ್ಲಿ ನೀವು ನಂಬುವವರಿಗೆ ಕೊಡಿ.

ಮಾಡಿಸಿಕೊಳ್ಳುವುದನ್ನು ಸಣ್ಣದರಿಂದ ರೂಢಿ ಮಾಡಿ. ನಾಳೆ ನಳ ಬಂದಾಗ ನಿಮ್ಮ ಕೊಡಗಳನ್ನು ಎದುರು ಮನೆಯ ಹುಡುಗಿ ಹೊತ್ತು ತರಲಿ, ನೀವು ಬಾಗಿಲಲ್ಲಿ ಕೂತು ನೋಡಿ. ಬೇಡವ್ವಾ ಎನ್ನಬೇಡಿ.

ದೊಡ್ಡವ್ವನ ಹಿರಿಮಗನಿಗೆ ಫೋನು ಈ ವಾರದೊಳಗೆ ಆಗಬೇಕು. ಅವನು ಎತ್ತದಿದ್ದರೆ, ಅಥವಾ ಎತ್ತಿಯೂ ಕೇಳದಿದ್ದರೆ, ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಹಚ್ಚಿ. ದುಡ್ಡು ಬೀಳುವುದಿಲ್ಲ, ಮುಂಜಾನೆ 8ರಿಂದ ರಾತ್ರಿ 8ರವರೆಗೆ ಮಾತಾಡುತ್ತಾರೆ.