ಏಳೂವರೆ ಸಾವಿರದ ಅವಸರ

ಮೂವತ್ತೆಂಟು ವರ್ಷ ಬ್ಯಾಂಕಿನ ಕೌಂಟರಿನ ಈಚೆ ಕೂತು, ಆಚೆ ನಿಂತವರಿಗೆ ‘ಅವಧಿಗೆ ಮುಂಚೆ ಮುರಿಸಬೇಡಿ, ನಷ್ಟ’ ಎಂದು ಹೇಳಿದವನು ನಾನು. 2025ರ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಕೌಂಟರಿನ ಆಚೆ ನಿಂತು, ಐದು ಲಕ್ಷದ ನನ್ನ ಹಿರಿಯ ನಾಗರಿಕರ ಉಳಿತಾಯ ಖಾತೆಯನ್ನು ಮುಚ್ಚಿಸಿದೆ. ಮಗಳ ಮದುವೆಗಲ್ಲ, ಆಸ್ಪತ್ರೆಗಲ್ಲ. ಹುಲ್ಲು ಹಾಸುವುದಕ್ಕೆ.

ನಾನು ಊರು ಬಿಟ್ಟಾಗ ಕೌದಳ್ಳಿ ಕೊಳ್ಳೇಗಾಲ ತಾಲೂಕು, ಮೈಸೂರು ಜಿಲ್ಲೆ. ವಾಪಸ್ಸು ಬಂದಾಗ ಹನೂರು ತಾಲೂಕು, ಚಾಮರಾಜನಗರ ಜಿಲ್ಲೆ. ನಡುವೆ ಮೈಸೂರಿನಲ್ಲಿ ಬಾಡಿಗೆ ಮನೆಗಳು, ಆಮೇಲೆ ಒಂದು ಸ್ವಂತ ಫ್ಲ್ಯಾಟು, ಅದರ ಬಾಲ್ಕನಿಯಲ್ಲಿ ನಾಲ್ಕು ತುಳಸಿ ಕುಂಡ. ಅಪ್ಪನ ಸೈಟಿನಲ್ಲಿ ಸಾವಿರ ಚದರಡಿಯ ತಾರಸಿ ಮನೆ ಎದ್ದಾಗ ಸುತ್ತ ಉಳಿದ ಖಾಲಿ ಜಾಗ ನೋಡಿ ನನಗೂ ನನ್ನಾಕೆಗೂ ತಲೆ ತಿರುಗಿತು. ಹೊಸ ಮನೆಗೆ ಹೋದವರ ಕೈ ಮೊದಲ ಆರು ತಿಂಗಳು ಸಡಿಲವಾಗಿರುತ್ತದೆ. ಪರದೆಗೆ ಇಪ್ಪತ್ತು ಸಾವಿರ ಕೊಟ್ಟವನಿಗೆ ಕಾಂಪೌಂಡಿನೊಳಗಿನ ಮಣ್ಣು ಬೆತ್ತಲೆಯಾಗಿ ಕಾಣುತ್ತದೆ. ಯುಗಾದಿಗೆ ನೆಂಟರೆಲ್ಲ ಮಾದಪ್ಪನ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಮನೆಗೆ ಬರುತ್ತಾರೆ, ಅಷ್ಟರೊಳಗೆ ತೋಟ ಆಗಬೇಕು. ಹೀಗೆ ಹೇಳಿದ್ದು ನಾನೇ. ನನ್ನಾಕೆಯ ಮೇಲೆ ಹಾಕುವ ಹಾಗಿಲ್ಲ.

ಪೇಟೆಯಿಂದ ಬಂದ ಗುತ್ತಿಗೆದಾರರು ಟ್ಯಾಬಿನಲ್ಲಿ ಚಿತ್ರ ತೋರಿಸಿದರು. ಪಟ್ಟಿ ಹೀಗಿತ್ತು: 1,200 ಚದರಡಿಗೆ ಮೆಕ್ಸಿಕನ್ ಹುಲ್ಲು, ಚದರಡಿಗೆ 45ರಂತೆ 54,000, ಕೆಮ್ಮಣ್ಣು, ಗೊಬ್ಬರ 22,000, ಸ್ಪ್ರಿಂಕ್ಲರ್, ಪಂಪು 26,000, ಆರು ಅಲಂಕಾರದ ತಾಳೆ 27,000, ಕಾಲುದಾರಿಯ ಕಲ್ಲು 38,000, ಬೇಲಿಗಿಡ, ಹೂಗಿಡ 18,000. ಒಟ್ಟು 1,85,000 ರೂಪಾಯಿ. ಹೂಗಿಡದ ಸಾಲಿನಲ್ಲಿ ಒಂದೊಂದಕ್ಕೆ 60 ರೂಪಾಯಿಯಂತೆ ನಲವತ್ತು ಲಂಟಾನ ಇದ್ದವು. ಬ್ರಿಟಿಷರು ಎರಡು ಶತಮಾನದ ಹಿಂದೆ ಅಲಂಕಾರಕ್ಕೆಂದು ತಂದ ಗಿಡ ಅದು, ಇವತ್ತು ನಮ್ಮ ಬೆಟ್ಟದ ಕಾಡನ್ನೆಲ್ಲ ಉಸಿರುಗಟ್ಟಿಸಿ ಕೂತಿದೆ. ಸೋಲಿಗರು ಅದನ್ನು ಕಡಿದು ತಂದು ಕುರ್ಚಿ, ಬುಟ್ಟಿ ಮಾಡಿ ಮಾರುತ್ತಾರೆ. ಅದೇ ಲಂಟಾನವನ್ನು ನಾನು 2,400 ರೂಪಾಯಿ ಕೊಟ್ಟು ಕೌದಳ್ಳಿಗೆ ತರಿಸಿದೆ. ಕುಬ್ಜ ತಳಿ, ಹಳದಿ ಹೂ, ಚೆನ್ನಾಗಿದೆ ಎಂದರು. ಚೆನ್ನಾಗಿಯೇ ಇತ್ತು.

ದುಡ್ಡಿನ ಮಾತಿಗೆ ಬರೋಣ. ಖಾತೆ ತೆರೆದದ್ದು 2023ರ ಮೇ 12ರಂದು, ನಿವೃತ್ತಿಯ ಹಣದಲ್ಲಿ, ಶೇ 8.2ಕ್ಕೆ. ಮೂರು ತಿಂಗಳಿಗೊಮ್ಮೆ 10,250 ರೂಪಾಯಿ ಬಡ್ಡಿ ಬರುತ್ತಿತ್ತು. ಈ ಯೋಜನೆಯಲ್ಲಿ ಸ್ವಲ್ಪ ಸ್ವಲ್ಪ ತೆಗೆಯುವ ಹಾಗಿಲ್ಲ. ಬೇಕಾದರೆ ಇಡೀ ಖಾತೆಯನ್ನೇ ಮುಚ್ಚಬೇಕು. ವರ್ಷ ತುಂಬಿ ಎರಡು ವರ್ಷ ಆಗುವ ಮುಂಚೆ ಮುಚ್ಚಿದರೆ ಅಸಲಿನಲ್ಲಿ ಶೇ 1.5 ಕಡಿತ, ಎರಡು ವರ್ಷ ದಾಟಿದ್ದರೆ ಶೇ 1. ನನ್ನ ಐದು ಲಕ್ಷದಲ್ಲಿ 7,500 ರೂಪಾಯಿ ಹೋಯಿತು. ಮೇ 12ರವರೆಗೆ ಕಾದಿದ್ದರೆ 5,000 ಹೋಗುತ್ತಿತ್ತು. ಮೊದಲೇ ಬುದ್ಧಿ ಇದ್ದು ಐದು ಲಕ್ಷವನ್ನು ಒಂದೊಂದು ಲಕ್ಷದ ಐದು ಖಾತೆಗಳಾಗಿ ಇಟ್ಟಿದ್ದರೆ ಎರಡನ್ನು ಮಾತ್ರ ಮುಚ್ಚಿ 3,000ಕ್ಕೆ ಮುಗಿಸಬಹುದಿತ್ತು. ಗಿರಾಕಿಗಳಿಗೆ ಈ ಉಪಾಯವನ್ನು ಎಷ್ಟು ಸಲ ಹೇಳಿದ್ದೆನೋ. ನನ್ನ ಸರದಿ ಬಂದಾಗ ಐದು ಅರ್ಜಿ ತುಂಬಲು ಬೇಸರವಾಗಿತ್ತು.

ಉಳಿದ ಮೂರು ಲಕ್ಷ ಎಪ್ಪತ್ತು ದಿನ ಉಳಿತಾಯ ಖಾತೆಯಲ್ಲಿ ಮಲಗಿತು. ‘ಇನ್ನೇನಾದರೂ ಖರ್ಚು ಬರಬಹುದು’ ಎಂಬ ಭಯಕ್ಕೆ. ಶೇ 8.2ಕ್ಕೂ ಶೇ 3ಕ್ಕೂ ಇರುವ ಅಂತರದ ಲೆಕ್ಕದಲ್ಲಿ ಅಲ್ಲಿ ಇನ್ನೊಂದು ಮೂರು ಸಾವಿರ.

ಆದರೆ ಈ ಹತ್ತೂವರೆ ಸಾವಿರ ನನ್ನ ದೊಡ್ಡ ತಪ್ಪಲ್ಲ. ದೊಡ್ಡ ತಪ್ಪು ತಿಂಗಳದ್ದು.

ನಮ್ಮ ಕಡೆ ಮುಂಗಾರಿನ ಜಡಿಮಳೆ ಬಂದು ತಲುಪುವಷ್ಟರಲ್ಲಿ ಸುಸ್ತಾಗಿರುತ್ತದೆ. ಮೇ ತಿಂಗಳಲ್ಲಿ ಒಂದಿಷ್ಟು, ಮತ್ತೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಒಂದಿಷ್ಟು. ಹೊಲದವರು ಭರಣಿ ಮಳೆಗೆ ಕಾಯುತ್ತಾರೆ, ಏಪ್ರಿಲ್ ಕೊನೆಯ ವಾರದಿಂದ ಮೇ ಎರಡನೇ ವಾರದವರೆಗೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುವ ಗಾದೆಯನ್ನು ಚಿಕ್ಕಂದಿನಲ್ಲಿ ಕೇಳಿಕೊಂಡೇ ಬೆಳೆದವನು ನಾನು. ಭರಣಿ ಮುಗಿಯುವ ದಿನವೂ ನನ್ನ ಖಾತೆಗೆ ಎರಡು ವರ್ಷ ತುಂಬುವ ದಿನವೂ ಹೆಚ್ಚುಕಡಿಮೆ ಒಂದೇ. ಪಂಚಾಂಗವೂ ಪಾಸ್‌ಬುಕ್ಕೂ ಒಟ್ಟಿಗೆ ‘ತಾಳು’ ಎನ್ನುತ್ತಿದ್ದಾಗ, ಮಾರ್ಚ್ ಹತ್ತನೇ ತಾರೀಕು ಕಾದ ಮಣ್ಣಿನ ಮೇಲೆ ಹುಲ್ಲಿನ ಚಾಪೆ ಹಾಸಿಸಿದೆ.

ಯುಗಾದಿಗೆ ನೆಂಟರು ಬಂದರು. ಹುಲ್ಲು ಹಸಿರಾಗಿಯೇ ಇತ್ತು. ಬೆಂಗಳೂರಿನಿಂದ ಬಂದ ಮಗಳು ‘ಅಪ್ಪ, ರೆಸಾರ್ಟ್ ಥರ ಇದೆ’ ಎಂದು ಫೋಟೋ ತೆಗೆದಳು. ರಸ್ತೆಯಲ್ಲಿ ‘ಉಘೇ ಮಾದಪ್ಪ’ ಎನ್ನುತ್ತ ಬೆಟ್ಟಕ್ಕೆ ನಡೆದು ಹೋಗುವವರು ಗೇಟಿನ ಹತ್ತಿರ ನಿಂತು ನೋಡಿದರು. ಪಕ್ಕದ ಮನೆಯ ನಮ್ಮ ದೊಡ್ಡವ್ವ ಮಾತ್ರ ಸ್ಪ್ರಿಂಕ್ಲರ್ ತಿರುಗುವುದನ್ನು ಬಹಳ ಹೊತ್ತು ನೋಡಿ ಕೇಳಿದಳು: ‘ಹುಲ್ಗ್ಯಾಕ್ ಮಗಾ ನೀರ್ ಬುಡ್ತಿದ್ದೈ? ಹಸ ಎಲ್ಲದೆ?’

ನಕ್ಕು ಸುಮ್ಮನಾದೆ. ಅವತ್ತು ರಾತ್ರಿ, ಮೊದಲೇ ಹಾಕಬೇಕಾಗಿದ್ದ ಲೆಕ್ಕವನ್ನು ಹಾಕಲು ಕೂತೆ. ಸ್ವಲ್ಪ ಉದ್ದ ಇದೆ, ಆದರೂ ಪೂರ್ತಿ ಹೇಳುತ್ತೇನೆ.

1,200 ಚದರಡಿ ಎಂದರೆ ಸುಮಾರು 111.5 ಚದರ ಮೀಟರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ನೀರು ಬಿದ್ದರೆ ಅದು ಸರಿಯಾಗಿ ಒಂದು ಲೀಟರು. ಬೇಸಿಗೆಯಲ್ಲಿ ಹಸಿರು ಹುಲ್ಲು ದಿನಕ್ಕೆ ಐದು ಮಿಲಿಮೀಟರು ಕುಡಿಯುತ್ತದೆ. ಹಾಗಾದರೆ ದಿನಕ್ಕೆ ಸುಮಾರು 557 ಲೀಟರು, ಇಪ್ಪತ್ತೈದು ಲೀಟರಿನ ಇಪ್ಪತ್ತೆರಡು ಬಿಂದಿಗೆ. ದಿನ ಬಿಟ್ಟು ದಿನ ಬರುವ ನಲ್ಲಿ ನೀರು ಮನೆಗೇ ಸರಿಹೋಗುತ್ತದೆ. ಬೇಸಿಗೆಯೊಂದೇ ಅಲ್ಲವಲ್ಲ, ವರ್ಷವಿಡೀ ನೋಡೋಣ. ಮಳೆ ಬಿದ್ದು ಮಣ್ಣು ಹಸಿಯಾಗಿರುವ ದಿನಗಳನ್ನೆಲ್ಲ ಧಾರಾಳವಾಗಿ ಬಿಟ್ಟರೂ 240 ದಿನ ನಾವೇ ನೀರು ಕೊಡಬೇಕು. ಚಳಿಗಾಲ ಸೇರಿದ್ದರಿಂದ ಸರಾಸರಿ ಐದಲ್ಲ, ನಾಲ್ಕೇ ಮಿಲಿಮೀಟರು ಎನ್ನಿ. 111.5ನ್ನು 4ರಿಂದ ಗುಣಿಸಿದರೆ 446. ಅದನ್ನು 240ರಿಂದ ಗುಣಿಸಿದರೆ 1,07,040 ಲೀಟರು. ಐದು ಸಾವಿರ ಲೀಟರಿನ ಟ್ಯಾಂಕರಿಗೆ ನಾನು ಕೊಟ್ಟದ್ದು 700 ರೂಪಾಯಿ. 22 ಟ್ಯಾಂಕರು, 15,400 ರೂಪಾಯಿ.

ಹುಲ್ಲು ಕತ್ತರಿಸಲು ತಿಂಗಳಿಗೆ ಎರಡು ಸಲ ಆಳು, ಯಂತ್ರ ನನ್ನದೇ, ಕೂಲಿ 600: ವರ್ಷಕ್ಕೆ 14,400. ಗೊಬ್ಬರ, ಮರಳು, ಬೋಳಾದ ಕಡೆ ತೇಪೆ: 5,000. ಇನ್ನು, ಹುಲ್ಲಿಗೆಂದೇ ಹೂತ ಬಂಡವಾಳ, ಅಂದರೆ ಹುಲ್ಲು, ಮಣ್ಣು, ಸ್ಪ್ರಿಂಕ್ಲರ್ ಸೇರಿ 1,02,000. ಅದಕ್ಕೆ ಶೇ 8.2ರಂತೆ ಕೈಬಿಟ್ಟ ಬಡ್ಡಿ 8,364. ಕೂಡಿದರೆ 43,164 ರೂಪಾಯಿ. ಚದರಡಿಗೆ 36.

ಹಾಸಿದ ದರ ಎಷ್ಟು? 45. ಅಂದರೆ ಹೆಚ್ಚುಕಡಿಮೆ ಪ್ರತಿ ವರ್ಷವೂ ಹೊಸದಾಗಿ ಹುಲ್ಲು ಕೊಂಡು ಹಾಸಿದಷ್ಟೇ ಖರ್ಚು. ತಿಂಗಳಿಗೆ 3,600. ನನ್ನ ಪಿಂಚಣಿ ಎಷ್ಟೆಂದು ಬರೆಯುವುದಿಲ್ಲ, ನನ್ನಾಕೆ ಈ ಅಂಕಣ ಓದುತ್ತಾಳೆ.

ಹುಲ್ಲು ಕತ್ತರಿಸುವ ಯಂತ್ರ ಕೊಂಡ ಕತೆಯನ್ನು ಹೇಳದೆ ಬಿಡಲಾರೆ. ‘ಬಡ್ಡಿ ಇಲ್ಲದ ಕಂತು ಸಾರ್, ಆರು ತಿಂಗಳು, ತಿಂಗಳಿಗೆ 3,000’ ಎಂದರು. ಬಡ್ಡಿ ಇಲ್ಲದ ಸಾಲ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕು 2013ರಲ್ಲೇ ಸುತ್ತೋಲೆ ಹೊರಡಿಸಿತ್ತು. ಆ ಸುತ್ತೋಲೆಯನ್ನು ನಮ್ಮ ಶಾಖೆಯಲ್ಲಿ ಫೈಲಿಗೆ ಹಾಕಿದವನೇ ನಾನು. ಆದರೂ ಸಹಿ ಹಾಕಿದೆ. ಆಮೇಲೆ ಗೊತ್ತಾಯಿತು, ನಗದು ಕೊಟ್ಟವರಿಗೆ ಅದೇ ಯಂತ್ರ 16,200ಕ್ಕೆ. ಮೇಲೆ ಸಂಸ್ಕರಣಾ ಶುಲ್ಕ, ಅದಕ್ಕೆ ಜಿಎಸ್‌ಟಿ, ಸೇರಿ 235. 15,965 ರೂಪಾಯಿ ಸಾಲ ಪಡೆದು ಆರು ಸಲ 3,000 ಕಟ್ಟಿದರೆ ವಾರ್ಷಿಕ ಬಡ್ಡಿ ಶೇ 42ರ ಆಸುಪಾಸು ಬರುತ್ತದೆ. ಊರಿನ ಕೈಸಾಲದವರೂ ಇಷ್ಟು ಕೇಳಲು ನಾಚುತ್ತಾರೆ. ಇದಕ್ಕಿಂತ ಹೆಚ್ಚು ಬರೆದರೆ ನನ್ನ ರಕ್ತದೊತ್ತಡಕ್ಕೆ ಒಳ್ಳೆಯದಲ್ಲ. ಅಂಗಡಿಯಲ್ಲಿ ‘ನಗದಿಗೆ ಎಷ್ಟು?’ ಎಂದು ಮೊದಲು ಕೇಳಿ, ಸಾಕು.

ಏಪ್ರಿಲ್ ಮೂರನೇ ವಾರ ಹುಲ್ಲಿನ ಅಂಚು ಹಳದಿಯಾಯಿತು. ಒಂದು ರಾತ್ರಿ ಕಾಡುಹಂದಿಗಳು ಹಿಂದಿನ ಬೇಲಿ ನುಗ್ಗಿ, ನೀರುಂಡು ಮೆತ್ತಗಾಗಿದ್ದ ನೆಲವನ್ನು ಹುಳುವಿಗಾಗಿ ಕೆದಕಿ ಹಾಕಿದವು. ಬೆಳಿಗ್ಗೆ ನೋಡಿದರೆ ಅಂಗಳದ ಮುಕ್ಕಾಲು ಪಾಲು ಉತ್ತ ಹೊಲ. ಸುತ್ತಲಿನ ನೆಲವೆಲ್ಲ ಕಲ್ಲಿನಂತಿದ್ದಾಗ ಟ್ಯಾಂಕರ್ ನೀರು ಹಾಯಿಸಿ ಮೆದು ಮಾಡಿಟ್ಟವನು ನಾನೊಬ್ಬನೇ. ಹಂದಿಗಳ ತಪ್ಪೇನೂ ಇಲ್ಲ. ಗುತ್ತಿಗೆದಾರರಿಗೆ ಫೋನು ಮಾಡಿದರೆ, ಪ್ರಾಣಿಗಳ ಹಾವಳಿ ವಾರಂಟಿಯಲ್ಲಿ ಬರುವುದಿಲ್ಲವಂತೆ. ಕಾಗದದಲ್ಲಿ ಹಾಗೇ ಇತ್ತು. ನಾನು ಓದಿರಲಿಲ್ಲ.

ಅಲ್ಲಿಂದ ಮೇ ಮಳೆಯವರೆಗೆ ಒಂದು ಪೈಸೆಯನ್ನೂ ಖರ್ಚು ಮಾಡದೆ ಕೂತೆ. ಹೊಸ ಮನೆಗೆ ಬಂದವರು ಮೊದಲು ಮಾಡಬೇಕಾದದ್ದು ಇದೇ ಎಂದು ಈಗ ನನ್ನ ಅಭಿಪ್ರಾಯ. ಗುದ್ದಲಿ ಹಿಡಿಯಬೇಡಿ, ನರ್ಸರಿ ಕಡೆ ಗಾಡಿ ತಿರುಗಿಸಬೇಡಿ. ಸಂಜೆ ಬಿಸಿಲು ಯಾವ ಗೋಡೆಗೆ ಹೊಡೆಯುತ್ತದೆ, ಬಚ್ಚಲ ನೀರು ಯಾವ ಕಡೆ ಹರಿಯುತ್ತದೆ, ಮಳೆ ಬಂದರೆ ಎಲ್ಲಿ ನಿಲ್ಲುತ್ತದೆ, ಕೋತಿಗಳು ಯಾವ ಮರದಿಂದ ಇಳಿಯುತ್ತವೆ, ಇಷ್ಟನ್ನು ಸುಮ್ಮನೆ ನೋಡಬೇಕು. ಖಾಲಿ ಮಣ್ಣನ್ನು ಕಂಡು ನಾಚಿಕೊಳ್ಳುವ ಅಭ್ಯಾಸವನ್ನು ಬಿಡಬೇಕು. ನಮ್ಮ ಅಪ್ಪನ ಕಾಲದಲ್ಲಿ ಯಾರಾದರೂ ಹಿತ್ತಿಲನ್ನು ಒಂದೇ ದಿನ ‘ಮಾಡಿಸಿದ್ದು’ ಕೇಳಿದ್ದೀರಾ? ಯಾರದೋ ಮನೆಯಿಂದ ಒಂದು ಕಡ್ಡಿ, ಇನ್ಯಾರದೋ ಮದುವೆಯ ಚಪ್ಪರದ ಬಾಳೆಯ ಬುಡ, ತಿಪ್ಪೆಯಲ್ಲಿ ತಾನೇ ಹುಟ್ಟಿದ ಕುಂಬಳ. ಮೇಜಿನ ಮೇಲೆ ಊಟ ತರಿಸುವ ಹಾಗೆ ತೋಟ ತರಿಸುವ ಚಾಳಿ ಶುರುವಾದದ್ದು ನಮ್ಮ ತಲೆಮಾರಿಗೇ. ಸರಿ, ಭಾಷಣ ಸಾಕು.

ಮೇ ಮಳೆ ಬಂದ ಮೇಲೆ ಎರಡನೇ ತೋಟ ಶುರುವಾಯಿತು. ದೊಡ್ಡವ್ವ ತನ್ನ ನುಗ್ಗೆ ಮರದಿಂದ ತೋಳುದ್ದದ ಎರಡು ಕೊಂಬೆ ಕಡಿದು ಕೊಟ್ಟಳು, ಖರ್ಚು ಸೊನ್ನೆ. ಬಚ್ಚಲ ನೀರು ಹೋಗುವ ಕಡೆ ಮೂರು ಬಾಳೆ. ಕರಿಬೇವು, ನಿಂಬೆ, ಪಪ್ಪಾಯ, ದಾಸವಾಳ ತೋಟಗಾರಿಕೆ ಇಲಾಖೆಯ ನರ್ಸರಿಯಿಂದ, ಸರ್ಕಾರಿ ದರಕ್ಕೆ. ಎರಡು ತೆಂಗು, ನಡುವೆ ಇಪ್ಪತ್ತೈದು ಅಡಿ ಬಿಟ್ಟು. ಕಾಯಿ ನೋಡಲು ಐದಾರು ವರ್ಷ ಬೇಕು, ನೋಡುತ್ತೇನೆಂದುಕೊಂಡಿದ್ದೇನೆ. ಬೆಂಡೆ ಹೆಸರಘಟ್ಟದ ಅರ್ಕಾ ಅನಾಮಿಕ, ಹಳದಿ ನಂಜುರೋಗ ತಡೆಯುವ ತಳಿ. ಹಂದಿಗೆ ಬೇಲಿ ಗಟ್ಟಿ ಮಾಡಿಸಿದ್ದೇ ಇದರಲ್ಲಿ ದೊಡ್ಡ ಖರ್ಚು, 9,500. ತಾರಸಿಯ ನೀರು ಇಳಿಯುವ ಪೈಪಿಗೆ ಒಂದು ಟ್ಯಾಂಕು ಜೋಡಿಸಿದೆ. ಸಾವಿರ ಚದರಡಿ ತಾರಸಿಯ ಮೇಲೆ ಇಪ್ಪತ್ತು ಮಿಲಿಮೀಟರಿನ ಒಂದೇ ಮಳೆ ಬಿದ್ದರೆ, ಸೋರಿದ್ದು ಹಾರಿದ್ದು ಕಳೆದೂ ಸಾವಿರದ ಐನೂರು ಲೀಟರು ಸಿಗುತ್ತದೆ. ಹನಿ ನೀರಾವರಿಯ ಸಹಾಯಧನ ಸಿಗುತ್ತದಾ ಎಂದು ವಿಚಾರಿಸಿದೆ. ಅದು ಪಹಣಿ ಇರುವ ಜಮೀನಿಗೆ, ಮನೆಯ ಸೈಟಿಗಲ್ಲ. ಸಣ್ಣ ಪೈಪು ನಾನೇ ತಂದು ತೂತು ಹಾಕಿದೆ.

ಒಟ್ಟು 19,300. ಹಳೆಯ ಖಾತೆ ಹಾಗೇ ಇದ್ದಿದ್ದರೆ ಎರಡು ಕಂತಿನ ಬಡ್ಡಿ 20,500 ಬರುತ್ತಿತ್ತು. ಅಸಲು ಮುಟ್ಟದೆ ಇಡೀ ತೋಟ ಆಗಿ, ಮೇಲೆ ಒಂದು ಗುದ್ದಲಿಯ ದುಡ್ಡು ಮಿಗುತ್ತಿತ್ತು.

ಲಾಭದ ಲೆಕ್ಕ ಕೇಳಬೇಡಿ. ಪಪ್ಪಾಯ ಹಣ್ಣಾಗುವ ಹಿಂದಿನ ದಿನವೇ ಕೋತಿಗಳು ಬರುತ್ತವೆ, ಅವುಗಳ ಕ್ಯಾಲೆಂಡರು ನನ್ನದಕ್ಕಿಂತ ಚುರುಕು. ಸೊಪ್ಪು, ಬೆಂಡೆ, ಬದನೆ, ಚಪ್ಪರದ ಅವರೆ ಸೇರಿ ತಿಂಗಳಿಗೆ ಐನೂರು, ಆರುನೂರು ರೂಪಾಯಿಯ ತರಕಾರಿ ಉಳಿಯಬಹುದು. ಅದರಲ್ಲಿ ಅರ್ಧ ಪಕ್ಕದ ಮನೆಗಳಿಗೆ ಹೋಗುತ್ತದೆ, ಅಲ್ಲಿಂದ ಮಜ್ಜಿಗೆ ಬರುತ್ತದೆ. ಇದನ್ನು ಎಕ್ಸೆಲ್ಲಿಗೆ ಹಾಕಲು ಹೋಗಿ ಬಿಟ್ಟಿದ್ದೇನೆ.

ಉಳಿದ ಮೂರು ಲಕ್ಷವನ್ನು ಮೇ ಕೊನೆಯಲ್ಲಿ ಮತ್ತೆ ಅದೇ ಯೋಜನೆಗೆ ಹಾಕಿದೆ, ಈ ಸಲ ಮೂರು ಖಾತೆ. ಮೂರು ಅರ್ಜಿ, ಮೂರು ಕಡೆ ನಾಮಿನಿ, ಸಹಿಯೋ ಸಹಿ. ಕೌಂಟರಿನ ಹುಡುಗ ‘ಒಂದೇ ಮಾಡಿದ್ರೆ ಆಗಲ್ವಾ ಸಾರ್?’ ಎಂದ. ಮೂವತ್ತೆಂಟು ವರ್ಷದ ಅನುಭವ ಇರುವವನ ಗತ್ತಿನಲ್ಲಿ ‘ಆಗಲ್ಲಪ್ಪ’ ಎಂದೆ.

ಸ್ಪ್ರಿಂಕ್ಲರ್ ಪಂಪಿಗೆ ರಾಮಾಪುರದ ಕಡೆಯ ರೈತರೊಬ್ಬರು ಆರು ಸಾವಿರ ಕೇಳಿದ್ದಾರೆ, ಕೊಡುತ್ತೇನೆ. ಆರು ತಾಳೆಗಳಲ್ಲಿ ಎರಡು ಬದುಕಿವೆ. ಲಂಟಾನವನ್ನು ನಾನೇ ಕಿತ್ತು ಸುಟ್ಟೆ. ಮುಂದಿನ ಗೇಟಿನ ಹತ್ತಿರ ಹಂದಿ ಮುಟ್ಟದೆ ಬಿಟ್ಟ ಮುನ್ನೂರು ಚದರಡಿ ಹುಲ್ಲು ಇನ್ನೂ ಇದೆ, ನಡುನಡುವೆ ನಾಟಿ ಗರಿಕೆ ನುಗ್ಗಿದೆ. ದೊಡ್ಡವ್ವ ಸಂಜೆ ಹೊತ್ತು ತನ್ನ ಹಸುವನ್ನು ಹೊಡೆದುಕೊಂಡು ಬಂದು ಅಲ್ಲಿ ಕಟ್ಟುತ್ತಾಳೆ. ಹಸು ಮೆಕ್ಸಿಕನ್ ಹುಲ್ಲನ್ನು ಮೂಸಿ ನೋಡಿ ಬಿಟ್ಟು, ಗರಿಕೆಯನ್ನು ಮಾತ್ರ ಆರಿಸಿ ಆರಿಸಿ ಮೇಯುತ್ತದೆ.